ಖಾಲಿ ಮನೆಯ ಪರದೆ

"ಏಯ್ ಸೋಮಾರಿ ನನ್ಮಗನೇ, ಇಟ್ಟಿಗೆ ಕೆರೆಯೋಕೆ ಕೂರಿಸಿದೀನೋ, ಮುತ್ತು ಕೊಡೋಕೆ ಕೂರಿಸಿದೀನೋ? ಡೆಟ್ರಾಯಿಟ್‌ನಲ್ಲಿ ನನ್ನ ತಮ್ಮನ ಹತ್ರ ಇರೋರು ನಿನಗಿಂತ ಎರಡು ಪಟ್ಟು ಎತ್ತಾಕ್ತಾರೆ. ತಿನ್ನೋದ್ರಲ್ಲಿ ಮಾತ್ರ ಸೇಂಟ್ ಲೂಯಿಸ್‌ನೋರು ಮುಂದು."

ಹಳೆಯ ಇಟ್ಟಿಗೆ ಮಾರುವ ಈ ಅಂಗಳದ ಧಣಿ ಕೆಸ್ಲರ್ ಇದನ್ನು ನನ್ನ ಮುಖ ನೋಡಿಯೂ ಹೇಳಲಿಲ್ಲ. ಕಾಫಿಯ ಲೋಟದೊಳಗೆ ನೋಡುತ್ತಾ ಹೇಳಿದ. ನಾನು ಬಾಚಿಯಿಂದ ಇಟ್ಟಿಗೆಯ ಮೈಗೆ ಅಂಟಿದ ಹಳೆಯ ಗಾರೆಯನ್ನು ಕೆರೆಯುತ್ತಲೇ ಇದ್ದೆ. ನಮ್ಮ ಊರಿನ ಹಳೆಯ ಮನೆಗಳ ಇಟ್ಟಿಗೆ ಗಟ್ಟಿ, ಬಣ್ಣ ಒಳ್ಳೆಯ ಕೆಂಪು. ಕೆರೆದು ಜೋಡಿಸಿಟ್ಟರೆ ದಕ್ಷಿಣದ ಊರುಗಳ ಶ್ರೀಮಂತರು ಲಾರಿಗಟ್ಟಲೆ ಕೊಂಡು ಹೋಗಿ ತಮ್ಮ ಹೊಸ ಮನೆಗಳಿಗೆ ಹಳೆಯ ಕಳೆ ತಂದುಕೊಳ್ಳುತ್ತಾರೆ. ಇಟ್ಟಿಗೆ ಎಲ್ಲಿಂದ ಬಂತು ಎಂದು ಕೆಸ್ಲರ್ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ. ನನ್ನ ಪಕ್ಕ ಕೂತು ಕೆರೆಯುವ ಜೊನೆಟ್ಟಾಳೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅಂದಿಗೆ ಕೂಲಿ ನಿಲ್ಲುತ್ತಿತ್ತು.

ಅವತ್ತು ಅಂಗಳಕ್ಕೆ ಒಂದು ಬಿಳಿ ಕಾರು ಬಂತು. ಗಾಜಿಗೆ ಕ್ಯಾಮೆರಾ ಅಂಟಿಸಿದ್ದರು. ಇಳಿದವನ ಹೆಸರು ಬ್ರೆಟ್. ದೇಶದ ಊರೂರು ತಿರುಗಿ ಬಡವರ ಕೇರಿಗಳ ವಿಡಿಯೊ ಮಾಡುವವನು. ಯಾವ ಊರು ಎಷ್ಟು ಹಾಳಾಗಿದೆ, ಎಲ್ಲಿ ಹೆಚ್ಚು ಕೊಲೆ, ಎಲ್ಲಿ ಹೆಚ್ಚು ಪಾಳುಮನೆ ಎಂದು ತೂಗಿ ನೋಡಿ ಕೊನೆಗೆ ಮೊದಲನೆಯದು, ಎರಡನೆಯದು ಎಂದು ಸಾಲು ಹಚ್ಚುತ್ತಾನೆ. ಲಕ್ಷಾಂತರ ಜನ ಊಟ ಮಾಡುತ್ತಾ ಅದನ್ನು ನೋಡುತ್ತಾರಂತೆ.

"ಇವನನ್ನ ಕರ್ಕೊಂಡು ಹೋಗಿ," ಎಂದು ಕೆಸ್ಲರ್ ನನ್ನನ್ನು ತೋರಿಸಿದ. "ಇಲ್ಲೇ ಹುಟ್ಟಿ ಬೆಳೆದ ಕರಿಯ. ಇವನು ಮುಂದಿನ ಸೀಟಲ್ಲಿ ಕೂತಿದ್ರೆ ನಿಮ್ಮ ಕಾರಿನ ತಂಟೆಗೆ ಯಾರೂ ಬರಲ್ಲ."

ಎರವಲು ಕೊಟ್ಟ ಏಣಿಯಂತೆ ನಾನು ಕಾರಿನೊಳಗೆ ಹೋಗಿ ಕೂತೆ.

ಬ್ರೆಟ್ ಬೈಯುವವನಲ್ಲ. ನನಗೆ ನೀರಿನ ಬಾಟಲಿ ಕೊಟ್ಟ, ಹೆಸರು ಕೇಳಿದ, ಕ್ಲಿಯೋಥಾ ಎಂದಾಗ ಸರಿಯಾಗಿ ಉಚ್ಚರಿಸಿದ. ಆಮೇಲೆ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸುವವನ ಹಾಗೆ, "ಇಲ್ಲಿ ಗುಂಡಿನ ಸದ್ದು ಸಾಮಾನ್ಯವಾಗಿ ಯಾವಾಗ ಕೇಳುತ್ತೆ?" ಎಂದು ಕೇಳಿದ.

ಹಿಂದಿನ ಗೋಡೆ ಕಳಚಿ ಹೋದ ಮನೆ ಬೇಕು ಎಂದ. ತೋರಿಸಿದೆ. ಕಳ್ಳರು ಹಿಂದಿನಿಂದ ಇಟ್ಟಿಗೆ ಬಿಚ್ಚಿಕೊಂಡು ಹೋಗಿದ್ದರು. ಮೇಲಿನ ಮಹಡಿಯಲ್ಲಿ ಸ್ನಾನದ ತೊಟ್ಟಿ, ಗೋಡೆಯ ಹೂವಿನ ಕಾಗದ, ಯಾರದೋ ಮಗಳ ಕೋಣೆ ಎಲ್ಲ ಬೀದಿಗೆ ಕಾಣುತ್ತಿದ್ದವು. ಬ್ರೆಟ್ ಒಂದು ಸುತ್ತು ಕ್ಯಾಮೆರಾ ಆಡಿಸಿ, "ಗ್ಯಾರಿ ಅನ್ನೋ ಊರಲ್ಲಿ ಇದಕ್ಕಿಂತ ಕೆಟ್ಟದಾಗಿತ್ತು," ಎಂದ. ಹೋಟೆಲಿನಲ್ಲಿ ಖಾರ ಸಾಲದು ಎನ್ನುತ್ತಾರಲ್ಲ, ಆ ದನಿ.

ಮೂಲೆಯಲ್ಲಿ ನಾಲ್ಕಾರು ಹುಡುಗರು ನಿಂತಿದ್ದರು. ಬ್ರೆಟ್ ಗಾಜು ಏರಿಸಿದ. "ಬಾಲ್ಟಿಮೋರ್‌ನಲ್ಲಿ ಇಂಥವರು ಕಾರಿನ ತನಕ ಬರ್ತಾರೆ. ಇಲ್ಲಿ ಮುಖ ತಿರುಗಿಸಿಕೊಳ್ತಾರೆ. ಏನು ಮಾರ್ತಾರೆ ಇವರು?"

ಅವರು ಕೆಲಸಕ್ಕೆ ಹೋಗಲು ಬಸ್ಸು ಕಾಯುತ್ತಿದ್ದರು. ಅದರಲ್ಲೊಬ್ಬ ನನ್ನ ಅಕ್ಕನ ಮಗ. ಹೇಳಬಹುದಿತ್ತು, ಹೇಳಲಿಲ್ಲ. ಅವನು ನನ್ನನ್ನು ಕಾರಿನೊಳಗೆ ಕಂಡ, ನಾನು ನೀರು ಕುಡಿಯುವವನಂತೆ ತಲೆ ತಗ್ಗಿಸಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನೆಲ್ಲ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಬ್ರೆಟ್ ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದ. "ಬೇಜಾರು ಮಾಡ್ಕೋಬೇಡಿ ಕ್ಲಿಯೋಥಾ. ಡೆಟ್ರಾಯಿಟ್‌ನಲ್ಲಿ ಜನ ಖಾಲಿ ಜಾಗದಲ್ಲಿ ತರಕಾರಿ ಬೆಳೀತಾರೆ. ಬಾಲ್ಟಿಮೋರ್‌ನಲ್ಲಿ ಪಾಳುಗೋಡೆಗೆ ಚಿತ್ರ ಬರೀತಾರೆ. ನಿಮ್ಮೋರು ಮಾತ್ರ ಹೆಣದ ಪಕ್ಕ ಕೂತೋರ ಥರ ಕೂತಿದೀರಿ. ಯಾಕೆ ಏನೂ ಮಾಡಲ್ಲ ನೀವು?"

ಕೆಸ್ಲರ್ ದಿನವೂ ನನ್ನ ತಾಯಿಯನ್ನು ಬೈಯುತ್ತಾನೆ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತೇನೆ. ಇದು ಮಾತ್ರ ಕರುಳಿಗೆ ಹೋಯಿತು.

"ಏನೂ ಮಾಡಲ್ಲ ಅಂತ ಯಾರ್ ಹೇಳಿದ್ದು ನಿಂಗೆ?" ಎಂದೆ. "ಎಡಕ್ಕೆ ತಿರುಗ್ಸು."

ಎಡಕ್ಕೆ ನಮ್ಮ ಬೀದಿ. ಮಿಸ್ ಆರ್ಡೆಲ್ ಜಗಲಿಯ ಮೇಲೆ ಸಾಸಿವೆ ಸೊಪ್ಪು ಸೋಸುತ್ತಾ ಕೂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ಮನೆ ಕೊಂಡ ಹೆಂಗಸು. ಚಿಕ್ಕಂದಿನಲ್ಲಿ ನಾನು ಅವಳ ಕೈಯಲ್ಲಿ ಉಂಡಷ್ಟು ನನ್ನ ತಾಯಿಯ ಕೈಯಲ್ಲೂ ಉಂಡಿಲ್ಲ.

"ಏನ್ಲಾ ಕ್ಲಿಯೋ," ಎಂದು ಕೂಗಿದಳು, "ಬಿಳಿ ಕಾರಲ್ಲಿ ಮೆರವಣಿಗೆ ಹೊಂಟಿದ್ದೀಯ, ಮೇಯರ್ ಗೀಯರ್ ಆಗೋದ್ಯೇನ್ಲಾ?"

ಬ್ರೆಟ್ ನಕ್ಕ. ನಾನು ನಗಲಿಲ್ಲ. ಅವಳ ಮನೆಗೆ ಅಂಟಿಕೊಂಡ ಪಕ್ಕದ ಮನೆಯನ್ನು ತೋರಿಸಿದೆ. ಎರಡಕ್ಕೂ ನಡುವೆ ಇರುವುದು ಒಂದೇ ಗೋಡೆ. ಕಿಟಕಿಗೆ ಹಳದಿ ಪರದೆ, ಬಾಗಿಲ ಮೇಲೆ ದೀಪ, ಮುಂದೆ ಒಂದು ಕಾರು.

"ಈ ಮನೇಲಿ ಯಾರವ್ರೆ ಹೇಳು ನೋಡಾನ."

"ಯಾರೋ ಸಂಸಾರಸ್ಥರು."

"ಒಂದು ನರಪಿಳ್ಳೆ ಇಲ್ಲ. ಯಾವ್ದೋ ಊರಿನ ಕಂಪನಿ ಕೊಂಡು ಕೈಬಿಡ್ತು. ಆ ಪರದೆ ಜೊನೆಟ್ಟಾಂದು. ದೀಪಕ್ಕೆ ಮಿಸ್ ಆರ್ಡೆಲ್ ಅಡುಗೆಮನೆಯಿಂದ ವೈರು ಎಳ್ದಿದೀವಿ. ಆ ಕಾರಿಗೆ ಇಂಜಿನ್ನೇ ಇಲ್ಲ, ನಾವೇ ತಳ್ಕೊಂಡ್ ಬಂದು ನಿಲ್ಸಿದ್ದು. ಹುಲ್ಲು ಕತ್ತರಿಸ್ತೀವಿ. ಹಿಮ ಬಿದ್ದ ಬೆಳಿಗ್ಗೆ ಯಾರಾದ್ರೂ ಒಬ್ರು ಬಾಗಿಲ್ಗಂಟ ನಡ್ಕೊಂಡ್ ಹೋಗಿ ಹೆಜ್ಜೆಗುರುತು ಮಾಡಿ ಬರ್ತೀವಿ, ಒಳಗೆ ಜನ ಅವ್ರೆ ಅಂತ ಇಟ್ಟಿಗೆ ಕಳ್ಳರ್ಗೆ ಕಾಣ್ಲಿ ಅಂತ. ಈ ಮನೆ ಬಿದ್ರೆ ಆಯಮ್ಮನ ಮನೆ ನಿಲ್ಲಲ್ಲ. ನಿನ್ನ ಡೆಟ್ರಾಯಿಟ್‌ನೋರು ಮಾಡ್ತಾರಾ ಇದ್ನ?"

ಬ್ರೆಟ್‌ನ ಕಣ್ಣುಗಳು ಅರಳಿದವು. ಆ ಕ್ಷಣದಲ್ಲಿ ನನಗೆ ಹೆಮ್ಮೆಯಾಯಿತು. ಅದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಎನಿಸುತ್ತದೆ.

ವಿಡಿಯೊ ಬಂದ ದಿನ ಅಂಗಳದಲ್ಲಿ ಎಲ್ಲರೂ ಕೆಸ್ಲರನ ಫೋನಿನ ಸುತ್ತ ಮುತ್ತಿಕೊಂಡರು. ನಮ್ಮ ಊರಿಗೆ ಮೂರನೆಯ ಜಾಗ ಸಿಕ್ಕಿತ್ತು.

"ಮೂರನೇದಾ?" ಎಂದಳು ಜೊನೆಟ್ಟಾ. "ಥೂ, ಹಾಳಾಗೋದ್ರಲ್ಲೂ ನಮ್ಗೆ ಮುಂದಿನ ಬೆಂಚು ಕೊಡಲಿಲ್ವಲ್ಲ. ಬಾಲ್ಟಿಮೋರ್‌ನೋರು ಏನು ಲಂಚ ಕೊಟ್ರೋ."

ಎಲ್ಲರೂ ನಕ್ಕರು. ಆಮೇಲೆ ನಮ್ಮ ಬೀದಿ ಬಂತು. ನನ್ನ ದನಿ ಬಂತು. ಹಳದಿ ಪರದೆಯ ಮೇಲೆ ಒಂದು ದೊಡ್ಡ ಕೆಂಪು ಬಾಣ ಬಂದು ನಿಂತಿತು, ಕೆಳಗೆ 'ಇಲ್ಲಿ ಯಾರೂ ಇಲ್ಲ' ಎಂಬ ಅಕ್ಷರಗಳು. ಜೊನೆಟ್ಟಾಳ ನಗು ಅಲ್ಲಿಗೆ ನಿಂತಿತು.

"ಕ್ಲಿಯೋ," ಎಂದಳು ಮೆಲ್ಲಗೆ, "ಏನ್ಲಾ ಮಾಡ್ದೆ?"

ಒಂದು ವಾರವೂ ಕಳೆಯಲಿಲ್ಲ, ಆ ಮನೆಗೆ ಬೆಂಕಿ ಬಿತ್ತು. ಬಿದ್ದದ್ದಲ್ಲ, ಹಾಕಿದ್ದು. ನಮ್ಮ ಕಡೆ ಇಟ್ಟಿಗೆ ಕಳ್ಳರ ಕೆಲಸ ಹೀಗೇ. ಬೆಂಕಿ ಹಚ್ಚಿದರೆ ಅಗ್ನಿಶಾಮಕದವರು ಬಂದು ನೀರು ಹೊಡೆಯುತ್ತಾರೆ, ಬಿಸಿಗೂ ನೀರಿಗೂ ಗಾರೆ ಸಡಿಲವಾಗುತ್ತದೆ, ಕೈಯಲ್ಲೇ ಇಟ್ಟಿಗೆ ಕಿತ್ತುಕೊಳ್ಳಬಹುದು. ನಾಲ್ಕು ದಿನ ಲಾರಿಗಳು ಬಂದು ಹೋದವು. ಮಿಸ್ ಆರ್ಡೆಲ್ ಸೌಟು ಹಿಡಿದು ಜಗಳಕ್ಕೆ ನಿಂತಳು, ಪೊಲೀಸರಿಗೆ ಫೋನು ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡಳು. ಕಳ್ಳರು ನಡುಗೋಡೆಯನ್ನೂ ಬಿಡಲಿಲ್ಲ. ಅವಳ ಅಡುಗೆಮನೆಯ ಪಕ್ಕಕ್ಕೆ ದನ ನುಗ್ಗುವಷ್ಟು ತೂತು ಬಿತ್ತು. ಬೀದಿಯಲ್ಲಿ ನಿಂತರೆ ಅವಳ ಒಲೆ, ಒಲೆಯ ಮೇಲಿನ ಪಾತ್ರೆ ಕಾಣುತ್ತಿದ್ದವು.

ನಗರಸಭೆಯಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದ. ಬೂಟು ಕಳಚದೆ ಒಳಗೆ ನಡೆದು ತೂತಿನಲ್ಲಿ ತಲೆ ಹಾಕಿ ನೋಡಿದ.

"ಸೋಮವಾರದೊಳಗೆ ಗೋಡೆ ಮುಚ್ಚಿರಬೇಕು. ಇಲ್ಲದಿದ್ರೆ ಮನೆ ವಾಸಕ್ಕೆ ಯೋಗ್ಯ ಅಲ್ಲ ಅಂತ ಬರೀತೀನಿ. ಖಾಲಿ ಮಾಡಬೇಕಾಗುತ್ತೆ."

"ಕಿತ್ತೋರ್ನ ಹಿಡೀಲಿಲ್ಲ, ನನ್ನ ಹಿಡಿಯಾಕೆ ಬಂದ್ಯಾ?" ಎಂದಳು ಮಿಸ್ ಆರ್ಡೆಲ್.

"ಅದೃಷ್ಟ ಅಂದ್ಕೋ ಅಜ್ಜಿ. ಡೆಟ್ರಾಯಿಟ್ ಆಗಿದ್ರೆ ಇಷ್ಟು ಹೊತ್ತಿಗೆ ಬುಲ್ಡೋಜರ್ ಬಂದಿರ್ತಿತ್ತು."

ಅವನು ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ ಹೋದ. ಅವಳು ನೆಲದ ಮೇಲಿನ ಬೂಟಿನ ಗುರುತು ಒರೆಸತೊಡಗಿದಳು. ನಾನು ಬಟ್ಟೆ ಕಿತ್ತುಕೊಂಡು ಒರೆಸಿದೆ.

"ಯಾವನೋ ನಮ್ಮೋನೇ ಹೇಳವ್ನೆ ಕಣ್ಲಾ," ಎಂದಳು. "ಹೊರಗಿನೋರ್ಗೆ ಆ ಮನೆ ಖಾಲಿ ಅಂತ ಹೆಂಗ್ ಗೊತ್ತಾಯ್ತದೆ? ಅವ್ನ ನಾಲ್ಗೆ ಸೇದೋಗ."

ಅವಳು ವಿಡಿಯೊ ಗಿಡಿಯೊ ನೋಡುವವಳಲ್ಲ. ಬೀದಿಗೆಲ್ಲ ಗೊತ್ತಿತ್ತು, ಅವಳಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದೆ.

ಮರುದಿನ ಅಂಗಳಕ್ಕೆ ಬಂದರೆ ಹೊಸ ರಾಶಿ ಬಿದ್ದಿತ್ತು. ಒಂದು ಮೈ ಮಸಿ ಹಿಡಿದ, ಇನ್ನೂ ಹಸಿ ಆರದ ಇಟ್ಟಿಗೆಗಳು. ಸುಟ್ಟ ವಾಸನೆ. ಜೊನೆಟ್ಟಾ ಒಂದನ್ನು ಎತ್ತಿ ನೋಡಿ ಕೆಳಗಿಟ್ಟಳು.

"ಇದು ಎಲ್ಲಿಂದ ಬಂತು?" ಎಂದು ಕೆಸ್ಲರನನ್ನು ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಕೆಸ್ಲರ್ ಹಲ್ಲು ಬಿಟ್ಟ. "ನಿನ್ನ ಬಾಯಿಂದಲೇ ಬಂತಲ್ಲೋ. ನೀನು ಇಷ್ಟು ಚೆನ್ನಾಗಿ ಮಾತಾಡ್ತೀಯ ಅಂತ ನನಗೇ ಗೊತ್ತಿರಲಿಲ್ಲ. ಹೂಂ, ಕೂತ್ಕೋ, ಕೆರಿ."

ಕೂತುಕೊಂಡೆ. ಕೆರೆದೆ. ಹೌದು, ಆ ದಿನ ಸಂಜೆಯವರೆಗೂ ಕೆರೆದೆ. ಜೊನೆಟ್ಟಾ ಮಾತ್ರ ಬಾಚಿ ಮುಟ್ಟಲಿಲ್ಲ. ಹೊಟ್ಟೆನೋವು ಎಂದು ಹೇಳಿ ಎದ್ದು ಹೋಗುತ್ತಾ ನನ್ನ ಹತ್ತಿರ ಬಗ್ಗಿದಳು.

"ನಾವ್ಯಾರೂ ಆಯಮ್ಮಂಗೆ ಹೇಳಲ್ಲ. ನೀನೇ ಹೇಳ್ಬೇಕು. ಹೇಳ್ದೆ ಇದ್ರೆ ಆಯಮ್ಮನ ಮನೇಲಿ ಇನ್ಮೇಲೆ ಉಣ್ಬೇಡ, ಅಷ್ಟೇಯ."

ಶನಿವಾರ ಬೆಳಿಗ್ಗೆ ಕೆಸ್ಲರ್ ಬರುವ ಮೊದಲೇ ಅಂಗಳಕ್ಕೆ ಹೋದೆ. ಲಾರಿಯ ಬೀಗದ ಕೈ ಎಲ್ಲಿರುತ್ತದೆಂದು ಗೊತ್ತಿತ್ತು. ಆ ಮಸಿ ಹಿಡಿದ ರಾಶಿಯಲ್ಲಿ ಹೊರುವಷ್ಟನ್ನು ಲಾರಿಗೆ ಹೇರಿದೆ. ಎರಡು ಚೀಲ ಗಾರೆಪುಡಿ, ಒಂದು ಕರಣೆ ಎತ್ತಿಕೊಂಡೆ. ಹಾಡುಹಗಲಿನಲ್ಲಿ, ಮುಂದಿನ ಗೇಟಿನಿಂದಲೇ ಹೊರಟೆ.

ಮಿಸ್ ಆರ್ಡೆಲ್ ಲಾರಿ ನೋಡಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ನಾನು ಎಂದು ತಿಳಿದ ಮೇಲೆ ಸೌಟು ಕೆಳಗಿಳಿಸಿದಳು.

"ಎಲ್ಲಿಂದ್ಲಾ?"

"ಗೋಡೆ ಮುಚ್ಚಾನ ಬಾ. ಸೋಮವಾರ ಬತ್ತಾನೆ ಅವ್ನು."

ಅವಳು ಮತ್ತೆ ಕೇಳಲಿಲ್ಲ. ಕುರ್ಚಿ ತಂದು ತೂತಿನ ಪಕ್ಕ ಹಾಕಿಕೊಂಡು ಒಂದೊಂದೇ ಇಟ್ಟಿಗೆ ಕೊಟ್ಟಳು. ನಾನು ಗಾರೆ ಹಾಕಿ ಕೂರಿಸಿದೆ. ನಡುನಡುವೆ, "ಆ ಕಡೆ ಡೊಂಕಾಯ್ತು, ನೆಟ್ಟಗೆ ಇಕ್ಕು, ಕುಡಿದಿದ್ದೀಯಾ?" ಎಂದು ಬೈಯುತ್ತಿದ್ದಳು. ಹೇಳಬೇಕು, ಈ ಸಾಲು ಮುಗಿದ ಮೇಲೆ ಹೇಳಬೇಕು ಎಂದುಕೊಳ್ಳುತ್ತಾ ಸಾಲಿನ ಮೇಲೆ ಸಾಲು ಏರಿಸಿದೆ. ಗೋಡೆ ಸೊಂಟದೆತ್ತರ ಬಂತು.

ಪೊಲೀಸ್ ಕಾರು ಬಂತು. ಕೆಸ್ಲರ್ ದೂರು ಕೊಟ್ಟಿದ್ದ. ಇಳಿದ ಪೊಲೀಸಿನವನು ಪ್ರಾಯದವನು, ಸೊಂಟದ ಮೇಲೆ ಕೈ ಇಟ್ಟುಕೊಂಡೇ ಬಂದ.

"ಇಟ್ಟಿಗೆಗೆ ರಸೀದಿ ಇದೆಯಾ?"

ಮಿಸ್ ಆರ್ಡೆಲ್ ಕುರ್ಚಿಯಿಂದ ಏಳಲೇ ಇಲ್ಲ. "ನಾಲ್ಕು ದಿನ ಲಾರಿ ತುಂಬ್ಕೊಂಡ್ ಹೋದ್ರಲ್ಲ, ಅವರ್ತಾವ ಕೇಳ್ದ್ಯಾ ರಸೀದಿಯ? ಫೋನ್ ಮಾಡಿ ಮಾಡಿ ಸತ್ತೆ, ಒಬ್ಬ ಬಂದ್ರಾ? ಹೊತ್ಕೊಂಡ್ ಹೋದೋರು ನಿನ್ ಕಣ್ಗೆ ಬೀಳಲ್ಲ, ವಾಪಸ್ ತಂದೋನು ಬಿದ್ದ."

"ನೋಡಮ್ಮ, ಇದು ಕದ್ದ ಮಾಲು. ಇವನು ಕಳ್ಳ."

"ಇವ್ನಾ?" ಎಂದು ನನ್ನ ಹೆಗಲ ಮೇಲೆ ಕೈ ಇಟ್ಟಳು. "ನನ್ನ ಕೈಯಾಗೆ ಬೆಳೆದೋನು ಇವ್ನು. ಈ ಬೀದಿಗೆ ಎರಡು ಬಗೆಯೋ ಜಾತಿ ಅಲ್ಲ. ಬೇರೆ ಯಾವನ್ನಾದ್ರೂ ಹುಡ್ಕೋಗು."

ಆ ಕೈಯ ಭಾರ ನನಗೆ ತಡೆಯಲಾಗಲಿಲ್ಲ.

"ನಾನೇ," ಎಂದೆ.

"ಏನ್ ನೀನೇ?"

"ಆ ಮನೆ ಖಾಲಿ ಅಂತ ತೋರ್ಸಿದ್ದು ನಾನೇ. ಅವತ್ತು ಬಿಳಿ ಕಾರಲ್ಲಿ ಬಂದಿದ್ನಲ್ಲ, ಅವ್ನಿಗೆ. ಅವ್ನು ವಿಡಿಯೊದಲ್ಲಿ ಹಾಕ್ಬಿಟ್ಟ."

"ಯಾಕ್ಲಾ?"

"ನಿಮ್ಮೋರು ಏನೂ ಮಾಡಲ್ಲ, ಬೇರೆ ಊರೋರು ಮಾಡ್ತಾರೆ ಅಂದ. ತಡ್ಕೊಳ್ಳಾಕಾಗ್ಲಿಲ್ಲ."

ಹೆಗಲ ಮೇಲಿನ ಕೈ ಹೋಯಿತು. ಅವಳು ಇನ್ನೊಂದು ಕೈಯಲ್ಲಿದ್ದ ಇಟ್ಟಿಗೆಯನ್ನು ನೆಲಕ್ಕಿಟ್ಟಳು. ಬೈಯಲಿಲ್ಲ, ಅದೇ ಸಂಕಟ. ನಾಲಗೆ ಸೇದಿಹೋಗಲಿ ಎಂದು ಇನ್ನೊಂದು ಸಲ ಶಪಿಸಿದ್ದರೂ ಹಗುರಾಗುತ್ತಿದ್ದೆ. ಎದ್ದು ಒಳಗೆ ಹೋದಳು. ತೂತಿನಿಂದ ಅವಳ ಬೆನ್ನು ಕಾಣುತ್ತಿತ್ತು. ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು.

ಪೊಲೀಸಿನವನು ನನ್ನ ಕೈಗಳನ್ನು ಬೆನ್ನ ಹಿಂದೆ ತಂದು ಬೇಡಿ ಹಾಕಿದ. ಇಟ್ಟಿಗೆಯನ್ನೆಲ್ಲ ಲಾರಿಗೆ ವಾಪಸ್ ಹಾಕಿಸಬೇಕು, ಕಟ್ಟಿದ್ದನ್ನೂ ಬಿಚ್ಚಬೇಕು ಎಂದು ಫೋನಿನಲ್ಲಿ ಯಾರಿಗೋ ಹೇಳಿದ. ನನ್ನನ್ನು ಕಾರಿನ ಹಿಂದಿನ ಸೀಟಿಗೆ ತಳ್ಳಿದ. ಗಾಜಿನಿಂದ ಗೋಡೆ ಕಾಣುತ್ತಿತ್ತು.

ಮಿಸ್ ಆರ್ಡೆಲ್ ಹೊರಗೆ ಬಂದಳು. ನಾನು ಬಿಟ್ಟ ಕರಣೆಯನ್ನು ಎತ್ತಿಕೊಂಡಳು. ಬಗ್ಗಿ ಗಾರೆ ತೆಗೆದು ಬಳಿದು, ಇಟ್ಟಿಗೆಯೊಂದನ್ನು ಇಟ್ಟು ಕರಣೆಯ ಹಿಡಿಯಿಂದ ಕುಟ್ಟಿದಳು.

"ಅಮ್ಮಾ, ಮುಟ್ಟಬೇಡ. ನಿನ್ನ ಮೇಲೂ ಕೇಸಾಗುತ್ತೆ," ಎಂದ ಪೊಲೀಸಿನವನು.

"ಬರ್ಕೋ," ಎಂದಳು. "ಆರ್ಡೆಲ್ ಗೇಟ್ಸ್‌ವುಡ್. ಮನೆ ನಂಬರು ಬಾಗಿಲ ಮ್ಯಾಲೈತೆ."

ಎದುರು ಮನೆಯಿಂದ ಜೊನೆಟ್ಟಾ ನೀರಿನ ಬಕೆಟ್ ಹಿಡಿದು ಬೀದಿ ದಾಟಿ ಬಂದಳು. ಗಾರೆಪುಡಿಗೆ ನೀರು ಸುರಿದು ಕಲಸತೊಡಗಿದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಪೊಲೀಸಿನವನು ಮತ್ತೆ ಫೋನು ಕಿವಿಗಿಟ್ಟು ಇನ್ನೊಂದು ಕಾರು ಕಳಿಸಿ ಎಂದ.

ಮಿಸ್ ಆರ್ಡೆಲ್ ಇಟ್ಟ ಸಾಲು ಡೊಂಕಾಗಿತ್ತು. ಅವಳು ಅದನ್ನು ಸರಿಪಡಿಸಲಿಲ್ಲ, ಅದರ ಮೇಲೆಯೇ ಇನ್ನೊಂದು ಇಟ್ಟಿಗೆ ಇಟ್ಟಳು. ಒಂದು ಸಲವೂ ಕಾರಿನ ಕಡೆ ತಿರುಗಿ ನೋಡಲಿಲ್ಲ.