ಬದುಕಿದ ತಪ್ಪಿಗೆ

ರಾತ್ರಿ ಪಾಳಿ ಮುಗಿಸಿ ರಾಯಾಪುರದಲ್ಲಿ ಬಸ್ಸಿಳಿದು ಬಂದ ನರ್ಸ್ ಮೇಬಲ್, ಓಣಿಯ ತಿರುವಿನ ಬಸರಿ ಮರದ ಸುತ್ತ ಯಾರೋ ಸುಣ್ಣದ ಪುಡಿ ಸುರಿಯುತ್ತಿರುವುದನ್ನು ಕಂಡು ನಿಂತಳು. ಕುಕ್ಕರಗಾಲಲ್ಲಿ ಕೂತು ದೊಡ್ಡ ವೃತ್ತ ಎಳೆಯುತ್ತಿದ್ದವನು ಕಪಿಲ. ಮೂರು ವರ್ಷದ ಹಿಂದೆ ಈ ಮರವನ್ನು ಇಲ್ಲಿಗೆ ತಂದು ನೆಟ್ಟ ಎಂಜಿನಿಯರ್ ಅವನೇ. ಸಲಿಕೆ, ಗುದ್ದಲಿ ಪಕ್ಕಕ್ಕಿಟ್ಟು ಆಳುಗಳು ಚಹಾ ಕುಡಿಯುತ್ತಿದ್ದರು.

“ಏನ್ ಮಾಡಾಕತ್ತೀರಿ ಇಲ್ಲೆ?” ಎಂದಳು. ಯಾವತ್ತೂ ಅವನನ್ನು ‘ನೀನು’ ಎಂದೇ ಮಾತಾಡಿಸುತ್ತಿದ್ದವಳು ಇವತ್ತು ಬಹುವಚನಕ್ಕೆ ಇಳಿದಿದ್ದಳು.

ಕಪಿಲ ಎದ್ದು ಕೈ ಕೊಡವಿಕೊಂಡ. “ನಿಮ್ಮ ಮನಿಗೇ ಬಂದು ಹೇಳಾಂವ ಇದ್ದೆ ಸಿಸ್ಟರ್. ಇದನ್ನ ಮತ್ತ ಎತ್ತಬೇಕಾಗ್ಯದ. ಎದುರಿಗೆ ಮಂಗಲ ಕಾರ್ಯಾಲಯ ಆಗಾಕತ್ತದಲ್ಲ, ಅದರ ಗೇಟಿಗೆ ಅಡ್ಡ ಬರ್ತದ. ಉಪ್ಪಿನಬೆಟಗೇರಿ ಕಡೆ ಜಾಗಾ ನೋಡೇವಿ.”

ಮೇಬಲ್ ಮರದ ಕಡೆ ನೋಡಿದಳು. ಹುಬ್ಬಳ್ಳಿಯಲ್ಲಿ ರಸ್ತೆ ಅಗಲ ಮಾಡುವಾಗ ಕಪಿಲ ಈ ಮರದ ಸುತ್ತ ತಿಂಗಳುಗಟ್ಟಲೆ ಮೊದಲೇ ಕಂದಕ ತೋಡಿಸಿ, ಬೇರುಗಳನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಹೊಸ ಬೇರು ಒಡೆಯುವವರೆಗೆ ಕಾದಿದ್ದ. ಬುಡದ ಮಣ್ಣು ಚದುರದಂತೆ ಗೋಣಿತಾಟು ಬಿಗಿದು, ಕ್ರೇನಿನಲ್ಲಿ ಎತ್ತಿ ತಂದಿದ್ದ. ಕೊಂಬೆಗಳನ್ನೆಲ್ಲ ಸವರಿದ್ದರಿಂದ ಅದು ಬರೀ ಕಂಬದಂತಿತ್ತು. ಓಣಿಯ ಜನ ನೋಡಿ ನಕ್ಕಿದ್ದರು. “ನೀರೊಂದು ತಪ್ಪಿಸಬ್ಯಾಡ್ರಿ” ಎಂದಷ್ಟೇ ಹೇಳಿ ಹೋಗಿದ್ದ ಅವನು. ಆ ಬೇಸಿಗೆ ನಳದಲ್ಲಿ ನೀರಿಲ್ಲದ ದಿನಗಳಲ್ಲಿ ಎದುರು ಮನೆಯ ನಾಹಿದಾ ತನ್ನ ಬೋರಿನಿಂದ ಪೈಪು ಎಳೆದಳು. ಮೇಬಲ್ ಭಾನುವಾರ ಚರ್ಚಿಗೆ ಹೊರಟಾಗಲೂ ಸೀರೆ ಎತ್ತಿ ಹಿಡಿದು ಬುಡಕ್ಕೆ ನೀರು ಬಿಟ್ಟೇ ಹೋಗುತ್ತಿದ್ದಳು. ಬೋಳು ಕಾಂಡದಲ್ಲಿ ಕೆಂಪು ಚಿಗುರು ಕಂಡ ದಿನ ಇಬ್ಬರೂ ಕಪಿಲನಿಗೆ ಫೋನು ಮಾಡಿದ್ದರು. ಅವನು ಬೈಕಿನಲ್ಲಿ ಬಂದು, ಬಗ್ಗಿ ಚಿಗುರುಗಳನ್ನು ಒಂದೊಂದಾಗಿ ಎಣಿಸಿದ್ದ.

“ಈ ಸಲಾನೂ ಉಳೀತದ್ರಿ” ಎಂದ ಕಪಿಲ, ಅವಳ ಮುಖ ನೋಡದೆ. “ಒಮ್ಮೆ ಉಳದದ ಅಲ್ಲ.”

“ಒಮ್ಮೆ ಉಳದೈತಿ ಅಂತ ಮತ್ತ ಕೀಳೂದೇನು? ನಮ್ಮ ದವಾಖಾನ್ಯಾಗ ಒಬ್ಬಾಂವ ಆಪರೇಷನ್ ಆಗಿ ಬದುಕಿದರ, ಛಲೋ ಬದುಕ್ಯಾನ, ಇನ್ನೊಮ್ಮೆ ಕೊಯ್ಯೋಣ ಅಂತೀವೇನು?”

ಅವಳ ದನಿ ಕೇಳಿ ನಾಹಿದಾ ಹೊರಗೆ ಬಂದಳು. ಆ ಕಡೆಯಿಂದ ಮದುವೆ ಕಾರ್ಯಾಲಯದ ಮಾಲೀಕ ಯಜ್ಞೇಶ್ವರರೂ ಬಂದರು. ಅವರು ಯಾರ ಮೇಲೂ ದನಿ ಎತ್ತುವವರಲ್ಲ.

“ನಮಸ್ಕಾರ ಸಿಸ್ಟರ್. ನಿಮ್ಮ ಸಂಕಟ ನನಗ ತಿಳೀತದ. ಕಡೀರಿ ಅಂತ ಎಲ್ಲಾರೂ ಅಂದ್ರು, ನಾನೇ ಬ್ಯಾಡ ಅಂದೆ. ಖರ್ಚಾದ್ರ ಆಗಲಿ, ಎತ್ತಿ ಹಚ್ಚೋಣ ಅಂದೆ. ಪೇಪರಿನವರನ್ನೂ ಕರಸ್ತೇನಿ. ನೀವಿಬ್ಬರೂ ಫೋಟೋದಾಗ ನಿಲ್ರಿ.”

ಮೇಬಲ್‌ಗೆ ಮೈಯೆಲ್ಲ ಉರಿಯಿತು. “ನಿಮ್ಮ ಗೇಟು ಇನ್ನೂ ಕಟ್ಟಿಲ್ಲ. ಅದನ್ನ ಸರಸ್ರಿ. ಅದಕ್ಕ ಬೇರಿಲ್ಲ.”

“ಗೇಟು ವಾಸ್ತು ನೋಡಿ ಇಟ್ಟದ್ದರಿ. ಗಿಡಕ್ಕೇನು, ಎಲ್ಲಿ ಇಟ್ಟರೂ ಗಿಡಾನ.”

“ಅಲ್ಲಿ ನೀರು ಹಾಕೋರು ಯಾರ್ರಿ?” ಎಂದಳು ನಾಹಿದಾ.

“ಟ್ಯಾಂಕರ್ ಹಚ್ಚಸ್ತೇನಿ.”

“ಎಷ್ಟ ದಿನ? ಫೋಟೋ ತಗಿಯೂ ತನಕಾ?”

ಯಜ್ಞೇಶ್ವರರು ನಗುತ್ತಲೇ ಕಪಿಲನ ಕಡೆ ತಿರುಗಿದರು. “ಇದರಾಗ ಶಾಣ್ಯಾರು ನೀವು. ನೀವೇ ತಿಳಿಸಿ ಹೇಳ್ರಿ. ಉಳೀತದೋ ಇಲ್ಲೋ?”

ಮೇಬಲ್ ಸುಣ್ಣದ ಗೆರೆ ದಾಟಿ ಕಾಂಡಕ್ಕೆ ಬೆನ್ನು ಹಚ್ಚಿ ನಿಂತಳು. ಕಪಿಲ ಅವಳ ತಲೆಯ ಮೇಲಿನ ಕಾಂಡವನ್ನು ನೋಡಿದ. ಅಂದು ಅವನು ಸವರಿಸಿದ್ದ ಕೊಂಬೆಗಳ ಗಾಯದ ಸುತ್ತ ತೊಗಟೆ ದಪ್ಪನೆ ಬೆಳೆದು ಮುಚ್ಚಿಕೊಂಡಿತ್ತು.

“ಉಳೀತದ್ರಿ” ಎಂದ.

“ಮತ್ತೇನು, ಕೇಳಿದ್ರಲ್ಲ?” ಎಂದರು ಯಜ್ಞೇಶ್ವರರು, ಮೇಬಲ್ ಕಡೆ ತಿರುಗಿ.

“ಆದ್ರ ನಾ ಎತ್ತೂದಿಲ್ಲ. ಅವತ್ತ ರಸ್ತೆಗೆ ಬ್ಯಾರೆ ದಾರಿ ಇರಲಿಲ್ಲ, ಎತ್ತಿದೆ. ನಿಮ್ಮ ಗೇಟಿಗೆ ದಾರಿ ಅದ.”

ಯಜ್ಞೇಶ್ವರರ ನಗು ನಿಂತಿತು. “ನೀವಲ್ಲದಿದ್ರ ಇನ್ನೊಬ್ಬರು ಎತ್ತತಾರ.”

“ಕರಸ್ರಿ. ನಾನು ಅವರಿಗೆ ಏನೂ ಹೇಳಿಕೊಡೂದಿಲ್ಲ. ಸತ್ತರ ನಿಮ್ಮ ಹೆಸರಿಗೇ ಸಾಯ್ತದ. ಪೇಪರಿನವರು ಅದನ್ನೂ ಬರೀತಾರ.”

ಅವನು ಆಳುಗಳಿಗೆ “ನಡೀರಿ” ಎಂದ. ಅವರು ಲೋಟದಲ್ಲಿ ಉಳಿದ ಚಹಾ ಚೆಲ್ಲಿ ಎದ್ದರು. ಯಜ್ಞೇಶ್ವರರು ಫೋನು ಕಿವಿಗೆ ಹಚ್ಚಿಕೊಂಡು, ಯಾರೊಂದಿಗೋ ಜೋರಾಗಿ ಮಾತಾಡುತ್ತ ಕಾರ್ಯಾಲಯದ ಕಡೆ ನಡೆದುಹೋದರು. ಅವರು ದನಿ ಎತ್ತಿದ್ದನ್ನು ಓಣಿಯವರು ಕೇಳಿದ್ದು ಅದೇ ಮೊದಲು.

ಒಂದಷ್ಟು ದಿನ ಮೇಬಲ್ ಡ್ಯೂಟಿಗೆ ಹೋದಾಗ ನಾಹಿದಾ, ನಾಹಿದಾ ಹೊರಗೆ ಹೋದಾಗ ಮೇಬಲ್, ಹೀಗೆ ಕಾವಲು ಕಾದರು. ಬೇರೆ ಯಾರೋ ಇಬ್ಬರು ಬಂದು ಮರ ನೋಡಿ, ತಮ್ಮಿಂದಾಗದು ಎಂದು ತಲೆಯಾಡಿಸಿ ಹೋದರು. ಕೊನೆಗೆ ಗೇಟಿನ ಕಂಬಕ್ಕೆ ಆಚೆ ಬದಿಯಲ್ಲಿ ಗುಂಡಿ ತೋಡಿದರು. ವಾಸ್ತುವಿನವರು ಅದಕ್ಕೂ ಒಪ್ಪಿದರಂತೆ. ಕಪಿಲನಿಗೆ ಮಾತ್ರ ಯಜ್ಞೇಶ್ವರರಿಂದ ಮತ್ತೆ ಯಾವ ಕೆಲಸವೂ ಬರಲಿಲ್ಲ. ಅವರ ಗುರುತಿನವರಿಂದಲೂ ಬರಲಿಲ್ಲ.

ಕಾರ್ಯಾಲಯದಲ್ಲಿ ಮೊದಲ ಮದುವೆ ಬೇಸಿಗೆಯಲ್ಲಾಯಿತು. ಬಿಸಿಲಿಗೆ ಹೆದರಿ ಕಾರುಗಳೆಲ್ಲ ಬಸರಿಯ ಕೆಳಗೆ ನುಗ್ಗಿದವು. ಎಲ್ಲಕ್ಕಿಂತ ಒಳಗೆ, ದಟ್ಟ ನೆರಳಿನಲ್ಲಿ, ಯಜ್ಞೇಶ್ವರರ ಬಿಳಿ ಕಾರು ನಿಂತಿತ್ತು. ಮೇಲೆ ಹಕ್ಕಿಗಳು ಗದ್ದಲ ಮಾಡುತ್ತ ಹಣ್ಣು ಕುಕ್ಕುತ್ತಿದ್ದವು. ಡ್ರೈವರ್ ಒದ್ದೆ ಬಟ್ಟೆ ಹಿಡಿದು ಕಾರಿನ ಮೈ ಒರೆಸಿದ. ಒರೆಸಿದಲ್ಲಿ ಮತ್ತೊಂದು ಹಣ್ಣು ಬಿತ್ತು. ಅವನು ತಲೆಯೆತ್ತಿ ನೋಡಿ, ಬಟ್ಟೆ ಹಿಂಡಿ, ಮತ್ತೆ ಒರೆಸತೊಡಗಿದ.