ಊಟಕ್ಕೆ ಮೊದಲು ಒಂದೂವರೆ ಗಂಟೆ

ಸುಲೈಮಾನಣ್ಣನ ನಿದ್ದೆ ಕೆಡಿಸಿದವಳು ನಾನು. ಅದೂ ಬಹಳ ಉತ್ಸಾಹದಿಂದ.

ಆಗ ನಾನು ಕೊಪ್ಪದಲ್ಲಿ ಆಯುರ್ವೇದ ಎರಡನೇ ವರ್ಷ ಓದುತ್ತಿದ್ದೆ. ಉಳಿದುಕೊಂಡದ್ದು ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ, ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಮಹಿಮಾ ಕೊಪ್ಪದ ಶಾಲೆಗೆ ಹೋಗುವ ವ್ಯಾನಿನಲ್ಲೇ ಮುಂದಿನ ಸೀಟು ನನಗೂ ಸಿಗುತ್ತಿತ್ತು. ಓಡಿಸುವವರು ಸುಲೈಮಾನಣ್ಣ. ದಿನಾ ಬೆಳಗಿನ ಜಾವ ಮೂರಕ್ಕೆ ಎದ್ದು ಬಾಳೆಹೊನ್ನೂರಿನವರೆಗೆ ಪೇಪರ್ ಬಂಡಲ್ ಹಾಕಿ ಬರುತ್ತಿದ್ದರು, ಎಂಟಕ್ಕೆ ಮಕ್ಕಳನ್ನು ಹತ್ತಿಸಿಕೊಳ್ಳುತ್ತಿದ್ದರು, ಮಧ್ಯಾಹ್ನ ಉಂಡು ಶಾಲೆಯ ಗೇಟಿನ ಪಕ್ಕ ವ್ಯಾನಿನ ಹಿಂದಿನ ಬಾಗಿಲು ತೆರೆದು ಕಾಲು ಹೊರಗೆ ಚಾಚಿ ಮಲಗುತ್ತಿದ್ದರು. ಆ ಕಾಲು ಕಂಡರೆ ಗಂಟೆ ಎರಡಾಯಿತು ಎಂದು ಇಡೀ ಶಾಲೆಗೆ ಗೊತ್ತು.

ಆ ವಾರ ನಮಗೆ ದಿವಾಸ್ವಪ್ನದ ಪಾಠ ಶುರುವಾಗಿತ್ತು. ಶಾಸ್ತ್ರದಲ್ಲಿ ಆ ಮಾತಿಗೆ ಹಗಲು ನಿದ್ದೆ ಎಂದೇ ಅರ್ಥ. ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ಅದು ಕೂಡದು, ಕಫ ಹೆಚ್ಚುತ್ತದೆ, ಮೈ ಭಾರವಾಗುತ್ತದೆ. ಓದುತ್ತಿದ್ದಂತೆ ನನ್ನ ಕಣ್ಣ ಮುಂದೆ ಬಂದದ್ದು ಸುಲೈಮಾನಣ್ಣನ ಹೊಟ್ಟೆ ಮತ್ತು ವರ್ಷವಿಡೀ ಸೋರುವ ಮೂಗು. ಮರುದಿನ ಕೊಪ್ಪ ಮುಟ್ಟುವವರೆಗೂ ಅದನ್ನೇ ಹೇಳಿದೆ. ಮಧ್ಯಾಹ್ನ ಒರಗುವುದು ತಮ್ಮ ಅಬ್ಬಾನ ಕಾಲದಿಂದ ಬಂದ ರೂಢಿ, ತಮ್ಮಲ್ಲಿ ಅದಕ್ಕೆ ಕೈಲೂಲಾ ಎಂದು ಹೆಸರೇ ಇದೆ ಎಂದರು ಅವರು. ನಾನು ಬಿಡಲಿಲ್ಲ. ಅವರ ಹೆಂಡತಿ ಗುಲ್ಜಾರಕ್ಕನಿಗೂ ಫೋನ್ ಮಾಡಿ ಹೆದರಿಸಿದೆ.

"ಡಾಕ್ಟ್ರಮ್ಮ ಹೇಳಿದ್ಮೇಲೆ ಮುಗೀತು ಮಾರಾಯ್ತಿ," ಎಂದು ಸುಲೈಮಾನಣ್ಣ ನಕ್ಕರು. "ಇನ್ನು ನನ್ ಕಾಲು ಒಳಗೇ."

ಐದನೇ ದಿನ ಸಂಜೆ ನಾನು ಕಾಲೇಜಿನಲ್ಲೇ ಉಳಿದಿದ್ದೆ. ವ್ಯಾನು ನಾರ್ವೆಗೆ ನಲವತ್ತು ನಿಮಿಷ ತಡವಾಗಿ ಬಂತು. ಅದಕ್ಕೂ ಮೊದಲೇ ಪೋಷಕರ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂದಿತ್ತು. ರಸ್ತೆ ಬದಿಯಲ್ಲಿ ವ್ಯಾನು, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿದ ಸುಲೈಮಾನಣ್ಣ, ಹಿಂದೆ ಹನ್ನೊಂದು ಮಕ್ಕಳು. ದಾರಿಹೋಕರು ಯಾರೋ ತೆಗೆದು ಕಳಿಸಿದ್ದನ್ನು ಗ್ರೂಪಿಗೆ ಹಾಕಿದವರು ಮಗನನ್ನು ಅದೇ ವ್ಯಾನಿಗೆ ಕಳಿಸುವ ಸತೀಶ ಎಂಬವರು; ಶನಿವಾರ ಸಭೆ ಸೇರಿ ಡ್ರೈವರನ್ನು ಬದಲಿಸಲೇಬೇಕು ಎಂದು ಬರೆದಿದ್ದರು. ಹನ್ನೆರಡು ವರ್ಷದಿಂದ ಶಾಲೆಯ ಮಕ್ಕಳನ್ನು ಒಯ್ದು ತಂದ ಮನುಷ್ಯ.

ನಾನು ಮನೆಗೆ ಬಂದಾಗ ಮಹಿಮಾ ನಡೆದದ್ದನ್ನು ಹೇಳಿದಳು. ಒಂದು ತಿರುವಿನ ಹತ್ತಿರ ವ್ಯಾನು ಸ್ವಲ್ಪ ಎಡಕ್ಕೆ ಹೋಯಿತಂತೆ. ಸುಲೈಮಾನಣ್ಣ ತಕ್ಷಣ ನಿಲ್ಲಿಸಿ ಕೀ ಕಿತ್ತು, ಏಳನೇ ಕ್ಲಾಸಿನ ಇವಳೇ ದೊಡ್ಡವಳೆಂದು ಇವಳ ಕೈಗೆ ಕೊಟ್ಟು, ತನಗೆ ಸರಿಯಾಗಿ ಎಚ್ಚರವಾಗುವ ತನಕ ಕೇಳಿದರೂ ಕೊಡಬೇಡ, ಯಾರನ್ನೂ ಕೆಳಗೆ ಇಳಿಸಬೇಡ ಎಂದರಂತೆ.

"ನೀ ಎಂತಕ್ಕೆ ಅವ್ರಿಗೆ ಮಲಗ್ಬೇಡಿ ಅಂದದ್ದು ಚಿಕ್ಕಿ?" ಎಂದಳು ಮಹಿಮಾ. "ಪಾಪ, ದಿನಾ ಕಣ್ಣಿಗೆ ನೀರು ಹಾಕ್ಕೊಂಡೇ ಗಾಡಿ ಬಿಡ್ತಿದ್ರು."

ಪಾಠದ ನೋಟ್ಸ್ ತೆಗೆದೆ. ನಾನು ನಿಲ್ಲಿಸಿದ ಪುಟದ ಹಿಂಬದಿಯಲ್ಲೇ ಇತ್ತು, ಹಗಲು ಮಲಗಬಹುದಾದವರ ಉದ್ದ ಪಟ್ಟಿ. ಮುದುಕರು, ಮಕ್ಕಳು, ದಾರಿ ನಡೆದು ದಣಿದವರು, ಹೊರೆ ಹೊತ್ತವರು, ದುಃಖದಲ್ಲಿರುವವರು. ರಾತ್ರಿ ನಿದ್ದೆ ಕೆಟ್ಟವರು ಕೆಟ್ಟಷ್ಟರ ಅರ್ಧ ಹೊತ್ತು, ಊಟಕ್ಕೆ ಮೊದಲು ಮಲಗಬೇಕು. ನಾನು ಹಾಳೆ ತಿರುವಿರಲೇ ಇಲ್ಲ.

ಶನಿವಾರ ಮಹಿಮಾಳನ್ನೂ ಕರೆದುಕೊಂಡು ಸಭೆಗೆ ಹೋದೆ. ಹೆಡ್‌ಮಾಸ್ಟರ್ ಶಂಕರನಾರಾಯಣರು ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಸತೀಶರು ಮಾತು ಮುಗಿಸುವ ಮೊದಲೇ ನಾನು ಎದ್ದು ನಿಂತು ಎಲ್ಲ ಹೇಳಿಬಿಟ್ಟೆ.

"ಅಂದ್ರೆ ತಪ್ಪು ನಿಮ್ದು?" ಸತೀಶರು ಕೇಳಿದರು.

"ನಂದೇ. ಅರ್ಧ ಓದಿ ಹೇಳ್ದೆ. ಅವ್ರು ಗಾಡಿ ನಿಲ್ಸದಿದ್ರೆ ಇವತ್ತು ಇಲ್ಲಿ ನಿಂತು ಹೇಳಕ್ಕೂ ನಂಗೆ ಮುಖ ಇರ್ತಿರ್ಲಿಲ್ಲ."

ಬಾಗಿಲ ಹತ್ತಿರ ನಿಂತಿದ್ದ ಸುಲೈಮಾನಣ್ಣ ತಲೆ ಎತ್ತಿದರು. "ಆ ಹುಡುಗಿಗೆ ಬೈಬೇಡಿ. ಹೇಳಿದ್ದು ನನ್ ಒಳ್ಳೇದಕ್ಕೆ. ಕಣ್ಣು ಎಳೀತಿದೆ ಅಂತ ಗೊತ್ತಿದ್ದೂ ಗಾಡಿ ಹತ್ತಿದ್ದು ನಾನು."

ಸತೀಶರು ಮಹಿಮಾಳ ಕಡೆ ತಿರುಗಿ, ಕೀ ನಿಜವಾಗಿಯೂ ಅವಳ ಕೈಯಲ್ಲೇ ಇತ್ತೇ ಎಂದು ಕೇಳಿದರು. ಎರಡು ಸಲ ಕೇಳಿದರೂ ಕೊಡಲಿಲ್ಲ, ಮೂರನೇ ಸಲ ಮುಖ ತೊಳೆದು ಬಂದ ಮೇಲೆ ಕೊಟ್ಟೆ ಎಂದಳು ಅವಳು. ಯಾರೋ ನಕ್ಕರು. ಆ ನಗುವಿಗೆ ಹೆಡ್‌ಮಾಸ್ಟರಿಗೆ ಎಚ್ಚರವಾಯಿತು.

"ಮಧ್ಯಾಹ್ನ ಅವ್ರಿಗೆ ಸ್ಟಾಫ್ ರೂಮಿನ ಬೆಂಚು ಕೊಡುವ, ಸತೀಶ್. ಮಲಗಿ ಎದ್ದವ್ರೇ ಮಕ್ಕಳನ್ನ ಕರ್ಕೊಂಡು ಹೋಗ್ಲಿ," ಎಂದರು, ಎಲ್ಲವನ್ನೂ ಕೇಳಿಸಿಕೊಂಡವರ ಹಾಗೆ. ಸತೀಶರು ತಲೆಯಾಡಿಸಿ ಫೋನ್ ತೆಗೆದು ಗ್ರೂಪಿನಿಂದ ಫೋಟೋ ಅಳಿಸಿದರು. ಹೆಡ್‌ಮಾಸ್ಟರರ ಹಾಗೆ ಕೂತು ತೂಕಡಿಸುವುದಕ್ಕೆ ಶಾಸ್ತ್ರದಲ್ಲಿ ದೋಷವಿಲ್ಲ. ಅದೂ ಆ ಪುಟದಲ್ಲೇ ಇತ್ತು.

ಸುಲೈಮಾನಣ್ಣನಿಗೆ ಬೆಂಚು ಹಿಡಿಸಲಿಲ್ಲ, ವ್ಯಾನೇ ಬೇಕು. ಬೆಳಗಿನ ಜಾವ ಕೆಡುವ ಮೂರು ಗಂಟೆಯ ನಿದ್ದೆಗೆ ಅರ್ಧ ಲೆಕ್ಕ ಹಾಕಿ ನಾನು ಚೀಟಿಯಲ್ಲಿ ಬರೆದುಕೊಟ್ಟೆ: ದಿವಾಸ್ವಪ್ನ, ಊಟಕ್ಕೆ ಮೊದಲು, ಒಂದೂವರೆ ಗಂಟೆ. ನಾನು ಬರೆದ ಮೊದಲ ಔಷಧಿ ಚೀಟಿ ಅದು. ಅವರು ಅದನ್ನು ಸ್ಟೇರಿಂಗಿನ ಪಕ್ಕ ಅಂಟಿಸಿಕೊಂಡಿದ್ದಾರೆ.

ಗುಲ್ಜಾರಕ್ಕ ಈಗ ಊಟದ ಡಬ್ಬಿಯನ್ನು ಬೆಳಿಗ್ಗೆ ನನ್ನ ಕೈಯಲ್ಲೇ ಕಳಿಸುತ್ತಾರೆ, ಮೊದಲೇ ಉಂಡುಬಿಡಬಾರದಲ್ಲ. ಎರಡು ಗಂಟೆಗೆ ಕಾಲೇಜಿನಿಂದ ಶಾಲೆಯ ಗೇಟಿಗೆ ಬರುತ್ತೇನೆ. ಕಾಲು ಇನ್ನೂ ಹೊರಗಿದ್ದರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ವ್ಯಾನಿನ ಮೆಟ್ಟಿಲಲ್ಲಿ ಕೂರುತ್ತೇನೆ. ಎಬ್ಬಿಸುವುದಿಲ್ಲ.