ಯಾರನ್ನೂ ಕೇಳಬೇಕಿಲ್ಲ

"ನಿಮ್ಮ ತಮ್ಮನಿಗೊಂದು ಫೋನ್ ಮಾಡಿ, ಆಮೇಲೆ ಒತ್ತಿ," ಎಂದಳು ಹೆಂಡತಿ, ಬಾಗಿಲಿಗೆ ಒರಗಿಕೊಂಡು. ಮೌಸಿನ ಮೇಲೆ ಬೆರಳಿಟ್ಟುಕೊಂಡೇ ದೊಡ್ಡವನು ಅವಳ ಕಡೆ ತಿರುಗದೆ ನಕ್ಕ.

ಅವನು ಬ್ಲಾಕ್‌ಚೈನ್ ಮೇಲೆ, ಅಂದರೆ ಸಾವಿರಾರು ಕಂಪ್ಯೂಟರುಗಳು ಒಟ್ಟಿಗೆ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕದ ಮೇಲೆ, ಜನ ದುಡ್ಡು ಹಾಕಿಡುವ ಒಂದು ಉಳಿತಾಯದ ಪೆಟ್ಟಿಗೆ ಕಟ್ಟಿದ್ದ. ಪೆಟ್ಟಿಗೆಯೆಂದರೆ ಬರೀ ಪ್ರೋಗ್ರಾಮು. ಅದಕ್ಕೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಒಮ್ಮೆ ಬಿಟ್ಟ ಮೇಲೆ ಕಟ್ಟಿದವನೂ ಅದನ್ನು ನಿಲ್ಲಿಸಲಾರ. ಆ ಪ್ರೋಗ್ರಾಮಿನ ಕೋಡನ್ನು ಬಯಲಲ್ಲೇ ಇಟ್ಟು, ಯಾರು ಬೇಕಾದರೂ ತಗೊಳ್ಳಿ, ನನ್ನನ್ನು ಕೇಳಲೂ ಬೇಡಿ ಎಂದು ಸಿಕ್ಕಸಿಕ್ಕವರ ಮುಂದೆ ಎದೆಯುಬ್ಬಿಸಿ ಹೇಳಿದ್ದ. ಹಾಗೆ ಕೇಳದೆ ತಗೊಂಡವನು ಸ್ವಂತ ತಮ್ಮ. ಅದೇ ಪೆಟ್ಟಿಗೆಗೆ ಬಣ್ಣ ಬಳಿದು ಬೇರೆ ಹೆಸರಿಟ್ಟ. ಜನ ಅತ್ತಲೇ ವಾಲಿದರು. ಚಿಕ್ಕವನ ಜೊತೆಗಿದ್ದ ಅಮ್ಮ ಕೂಡ, ಬಟ್ಟೆ ಹೊಲಿದು ಕೂಡಿಟ್ಟದ್ದನ್ನೆಲ್ಲ ಇವನ ಪೆಟ್ಟಿಗೆಯಿಂದ ತೆಗೆದು ಅವನದಕ್ಕೆ ಹಾಕಿದ್ದಳು.

ಈಗ ದೊಡ್ಡವನಿಗೆ ತನ್ನ ಕೋಡಿನಲ್ಲೇ ಒಂದು ತೂತು ಕಂಡಿತ್ತು. ಗೊತ್ತಿದ್ದವನು ಕೈ ಹಾಕಿ ತಳದವರೆಗೂ ಬಳಿದುಕೊಳ್ಳಬಹುದಾದಂಥ ತೂತು. ತಮ್ಮನ ನಕಲಿನಲ್ಲೂ ಅದೇ ತೂತು ಇತ್ತು. ತನ್ನಲ್ಲಿ ದುಡ್ಡಿಟ್ಟಿದ್ದವರನ್ನು ಸದ್ದಿಲ್ಲದೆ ಹೊಸ ಪೆಟ್ಟಿಗೆಗೆ ದಾಟಿಸಿ ಆಗಿತ್ತು. ಉಳಿದದ್ದು, ತೂತು ಎಲ್ಲಿತ್ತೆಂದು ಬರೆದಿಟ್ಟದ್ದನ್ನು ಮೌಸು ಒತ್ತಿ ಲೋಕಕ್ಕೆಲ್ಲ ಹಾಕುವುದು. ಅದಕ್ಕೂ ಮುಂಚೆ, ನಕಲು ಮಾಡಿಕೊಂಡವರ ಕಿವಿಗೆ ಗುಟ್ಟಾಗಿ ಒಂದು ಮಾತು ಹಾಕುವುದು ಈ ಕಸುಬಿನವರ ಮರ್ಯಾದೆ.

"ತಗೊಳ್ಳೋವಾಗ ಅವನು ನನ್ನ ಕೇಳಿದ್ನಾ?"

"ಕೇಳಬೇಡಿ ಅಂತ ಡಂಗುರ ಹೊಡೆದಿದ್ದು ನೀವೇ ಅಲ್ವಾ. ಅವನು ಹಾಳಾಗಲಿ, ಅತ್ತೆ ದುಡ್ಡಿದೆ ಅದರಲ್ಲಿ."

ಆ ಮಾತೊಂದನ್ನು ಅವಳು ಎತ್ತದೆ ಇದ್ದಿದ್ದರೆ ಫೋನ್ ಮಾಡುತ್ತಿದ್ದನೋ ಏನೋ.

"ಅಮ್ಮನೂ ಕೇಳಲಿಲ್ಲ," ಎಂದವನೇ ಒತ್ತಿಬಿಟ್ಟ.

ಅವಳು ಒಳಗೆ ಹೋದಳು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲೋ ಯಾರೋ ಓದಿದರು, ಯಾರೋ ನುಗ್ಗಿದರು. ತಮ್ಮನ ಪೆಟ್ಟಿಗೆಯ ಮೊತ್ತ ಯಾರು ಬೇಕಾದರೂ ನೋಡಬಹುದಾದದ್ದು. ಅದು ಇಳಿಯತೊಡಗಿದಾಗ ದೊಡ್ಡವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಫೋನ್ ಬಂತು. ಬೈಗುಳ ಕೇಳಲು ತಯಾರಾಗಿಯೇ ಎತ್ತಿದ. ಚಿಕ್ಕವನು ಬೈಯಲಿಲ್ಲ, ಅಣ್ಣ ಬರೆದದ್ದನ್ನು ಅವನಿನ್ನೂ ಓದಿಯೇ ಇರಲಿಲ್ಲ.

"ಅಣ್ಣಾ, ಎಲ್ಲಾ ಸೋರಿ ಹೋಗ್ತಾ ಇದೆ ಕಣೋ. ನಿನಗಲ್ದೆ ಇನ್ಯಾರಿಗೆ ಗೊತ್ತಾಗುತ್ತೆ? ಹೇಗೆ ನಿಲ್ಸೋದು ಹೇಳು."

"ನಿಲ್ಲಲ್ಲ. ನಿಲ್ಲದೇ ಇರೋ ಹಾಗೇ ಕಟ್ಟಿದ್ದು ನಾನು."

ಆ ಕಡೆ ಓಡುತ್ತಿದ್ದ ಹೊಲಿಗೆ ಮಿಷನ್ ನಿಂತಿತು. ಆಮೇಲೆ ಅಮ್ಮನ ದನಿ: "ದೊಡ್ಡೋನಾ? ಊಟ ಆಯ್ತಾ ಕೇಳೋ."

"ಆಯ್ತು ಅನ್ನು," ಎಂದ ದೊಡ್ಡವನು.

ಅವನ ಊಟದ ತಟ್ಟೆ ಹಿಡಿದು ಬಾಗಿಲ ತನಕ ಬಂದಿದ್ದ ಹೆಂಡತಿ ಅಲ್ಲಿಂದಲೇ ತಿರುಗಿ ಅದನ್ನು ಒಳಗೆ ತಗೊಂಡು ಹೋದಳು.